ಸುವಾರ್ತೆಯ ಮಾತು, ಕೇಳುಗರ ದರ್ಶನ: ಕನ್ನಡ–ತೆಲುಗು ನಾಡಿನ ಅನುಭವ

ಬೇರೆ ದರ್ಶನಗಳಲ್ಲಿ ನೆಲೆ ನಿಂತವರಿಗೆ ಕ್ರೈಸ್ತ ನಂಬಿಕೆಯನ್ನು ತಿಳಿಸುವ ಯತ್ನಕ್ಕೆ ದಕ್ಷಿಣದಲ್ಲಿ ನಾನ್ನೂರು ವರ್ಷಗಳ ಚರಿತ್ರೆಯಿದೆ. 1606ರಲ್ಲಿ ಮಧುರೆಗೆ ಬಂದ ಯೇಸುಸಭೆಯ ರಾಬರ್ತೊ ದ ನೊಬಿಲಿ ಕಾವಿಯುಟ್ಟು ಸಂಸ್ಕೃತ ಕಲಿತರು. ಅದೇ ಪಂಥದ ಲಿಯೊನಾರ್ಡೊ ಚಿನ್ನಾಮಿ 1640ರ ದಶಕದ ಕೊನೆಗೆ ಶ್ರೀರಂಗಪಟ್ಟಣ ಸೇರಿ, ಕನ್ನಡ ಕಲಿತು, ಅದಕ್ಕೊಂದು ವ್ಯಾಕರಣವನ್ನೂ ಬರೆದರು. ದಕ್ಷಿಣದಲ್ಲಿ ಮೂರು ದಶಕ, ಹೆಚ್ಚಾಗಿ ಮೈಸೂರು ಸೀಮೆಯಲ್ಲಿ ಕಳೆದ ಅಬ್ಬೆ ದುಬಾಯ್ ಮಾತ್ರ ಹಿಂದೂಗಳ ಮತಾಂತರ ಆಗದ ಕೆಲಸವೆಂಬ ನಿರಾಶೆ ಹೊತ್ತು 1823ರಲ್ಲಿ ಮರಳಿದರು.

ಪ್ರೊಟೆಸ್ಟೆಂಟರ ಕೆಲಸ ಅನುವಾದದಿಂದ ಹೊರಟಿತು. ಲಂಡನ್ ಮಿಷನ್ನಿನ ಜಾರ್ಜ್ ಕ್ರಾನ್ ಮತ್ತು ಅಗಸ್ಟಸ್ ಡೆಗ್ರಾಂಜ್ 1805ರಲ್ಲಿ ವಿಶಾಖಪಟ್ಟಣದಲ್ಲಿ ನೆಲೆಸಿ ಸುವಾರ್ತೆಗಳನ್ನು ತೆಲುಗಿಗೆ ತರಲು ಕುಳಿತರು. ಅದೇ ಸಂಸ್ಥೆಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತಂದರು. ಅನುವಾದವೆಂದರೆ ಬರೀ ಪದಕ್ಕೆ ಪದ ಹುಡುಕುವುದಲ್ಲ. ಒಂದೊಂದು ಪದವೂ ತನ್ನ ದರ್ಶನವನ್ನು ಬೆನ್ನಿಗೆ ಕಟ್ಟಿಕೊಂಡೇ ಬರುತ್ತದೆ. ‘ಅವತಾರ’ವನ್ನೇ ನೋಡಬಹುದು. ಪಾನಕದ ನೈವೇದ್ಯ ಪಡೆಯುವ ನರಸಿಂಹನ ಬೆಟ್ಟವಿರುವ ಮಂಗಳಗಿರಿಯಲ್ಲಿ ಆ ಮಾತು ಕೇಳಿದವರಿಗೆ ಕಂಬ ಒಡೆದು ಬಂದ ದೇವರು ಕಣ್ಣಿಗೆ ಕಟ್ಟುತ್ತಾನೆ. ಒಂದು ಅವತಾರದ ಹಿಂದೆ ಮತ್ತೊಂದು ಬರುತ್ತದೆ. ಕ್ರೈಸ್ತರು ಹೇಳಬೇಕಾಗಿದ್ದುದು ದೇವರು ಯೇಸುವಾಗಿ ಬಂದ, ಒಮ್ಮೆ ಮಾತ್ರ ನಡೆದ ಸಂಗತಿ. ಪದ ಬಿಟ್ಟರೆ ಮಾತು ತಲುಪದು, ಹಿಡಿದರೆ ಅರ್ಥ ಜಾರುತ್ತದೆ. ಪಕ್ಕದ ಗುಂಟೂರಿಗೆ 1842ರಲ್ಲಿ ಬಂದ ಲೂಥರನ್ ಪಾದ್ರಿ ಹೈಯರ್ ಅವರಂಥವರ ಎದುರಿಗಿದ್ದುದು ಇಂಥ ಜಗತ್ತೇ.

1834ರಲ್ಲಿ ಮಂಗಳೂರಿಗೆ ಕಾಲಿಟ್ಟ ಬಾಸೆಲ್ ಮಿಷನ್ನಿನೊಳಗೆ ಎರಡು ದಾರಿಗಳಿದ್ದವು. ಸಾಮ್ಯುಯೆಲ್ ಹೆಬಿಕ್ ಜಾತ್ರೆಗಳಲ್ಲಿ ನಿಂತು ಗಟ್ಟಿದನಿಯಲ್ಲಿ ಸಾರುತ್ತಿದ್ದರು. ಹರ್ಮನ್ ಮೋಗ್ಲಿಂಗ್ ಓದುವುದಕ್ಕೆ ಕುಳಿತರು: ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಅವರ ಹಾಗೂ ಅದೇ ಮಿಷನ್ನಿನ ವೈಗಲ್ ಅವರ ಆಸ್ಥೆಯಿಂದ ಅಚ್ಚಾದವು. ಎದುರಿನವರ ನಂಬಿಕೆಯನ್ನು ಅವರ ಗ್ರಂಥಗಳಿಂದಲೇ ಅರಿಯಬೇಕೆಂಬ ಈ ನಿಲುವು ಸುವಾರ್ತೆಗೆ ಎಷ್ಟು ನೆರವಾಯಿತೋ, ಕನ್ನಡಕ್ಕಂತೂ ದೊಡ್ಡ ಉಪಕಾರ ಮಾಡಿತು. ಫರ್ಡಿನಂಡ್ ಕಿಟ್ಟೆಲ್ 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ದೇಶೀ ಛಂದಸ್ಸಿನಲ್ಲಿ ಹಾಡಿದರು, ಯಜ್ಞದ ಕಲ್ಪನೆಯ ಮೇಲೂ ಬರೆದರು. ಬಲಿಯ ಅರ್ಥ ವೈದಿಕರಿಗೂ ಕ್ರೈಸ್ತರಿಗೂ ನಡುವಿನ ಮಾತಾಗಬಲ್ಲದೆಂದು ಅವರಿಗೆ ಹೊಳೆದಿತ್ತು.

ಹುಬ್ಬಳ್ಳಿ–ಗದಗ ಸೀಮೆಯಲ್ಲಿ ನಡೆದದ್ದು ಇನ್ನೊಂದು ಬಗೆ. 1840ರ ಸುಮಾರಿಗೆ ಕಾಲಜ್ಞಾನದ ವಾಣಿಗಳನ್ನು ನಂಬಿದ್ದವರು ತಾವಾಗಿಯೇ ಮಿಷನರಿಗಳ ಬಳಿ ಬಂದರು. ಬರಲಿರುವ ಗುರು ಇವರೇ ಇರಬಹುದೆಂಬುದು ಅವರ ನಿರೀಕ್ಷೆ. ಅವರಿಗಾಗಿ ಬೆಟಗೇರಿಯ ಬಳಿ ಮಲಸಮುದ್ರದಲ್ಲಿ ಊರು ಕಟ್ಟುವ ಯೋಜನೆ ಹೊರಟಿತು, ಕೈಗೂಡಲಿಲ್ಲ. ಒಂದೇ ಮಾತನ್ನು ಇಬ್ಬರೂ ಬೇರೆ ಬೇರೆ ಕಿವಿಯಿಂದ ಕೇಳಿದ್ದರು.

ಆಂಧ್ರದ ಒಂಗೋಲಿನಲ್ಲಿ ಇಂಥ ಸಂಧಿ ಫಲಿಸಿತು. ಬ್ಯಾಪ್ಟಿಸ್ಟ್ ಪಾದ್ರಿ ಜಾನ್ ಕ್ಲೌ ಅವರ ಮಿಷನ್ನಿನಲ್ಲಿ 1866ರಲ್ಲಿ ದೀಕ್ಷಾಸ್ನಾನ ಪಡೆದ ಯರ್ರಗುಂಟ್ಲ ಪೇರಯ್ಯ ಮಾದಿಗ ಕುಲದವರು, ಅದಕ್ಕೂ ಮೊದಲು ರಾಜಯೋಗದ ಸಾಧಕರು. ಧ್ಯಾನ ಬಲ್ಲ ಈ ಮನುಷ್ಯ ಸುವಾರ್ತೆಯನ್ನು ತನ್ನವರ ಮಾತಿನಲ್ಲಿ ಹಳ್ಳಿಹಳ್ಳಿಗೆ ಒಯ್ದರು. 1878ರ ಜುಲೈ 3ರಂದು ಒಂದೇ ದಿನ 2,222 ಮಂದಿ ದೀಕ್ಷಾಸ್ನಾನ ಪಡೆದರು. ಅದು ಬರಗಾಲದ ಬೆನ್ನಿಗೇ ಬಂದದ್ದರಿಂದ ಚರ್ಚೆಯೂ ಬೆಳೆಯಿತು. ಪೇರಯ್ಯನವರ ಹನ್ನೆರಡು ವರ್ಷಗಳ ನಡಿಗೆಯನ್ನು ಬಿಟ್ಟು ಆ ಒಂದು ದಿನವನ್ನಷ್ಟೇ ನೋಡುವುದು ಸರಿಯಲ್ಲ.

20ನೆಯ ಶತಮಾನದಲ್ಲಿ ಸಾರುವವನೇ ಕೇಳುಗನೂ ಆದ. ಬಾಸೆಲ್ ಮಿಷನ್ನಿನ ಪಾದ್ರಿ ಉತ್ತಂಗಿ ಚನ್ನಪ್ಪನವರು (1881–1962) ಸರ್ವಜ್ಞನ ವಚನಗಳನ್ನು ಊರೂರಿಂದ ಕಲೆಹಾಕಿ 1924ರಲ್ಲಿ ಪ್ರಕಟಿಸಿದರು. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ಯಲ್ಲಿ ಹಿಂದೂ ವಿಚಾರದೊಂದಿಗೆ ಮಾತುಕತೆಗಿಳಿದರು. ಕ್ರಿಸ್ತಭಕ್ತಿಯನ್ನೂ ಶರಣರ ಅನುಭಾವವನ್ನೂ ಒಟ್ಟಿಗೆ ಪ್ರೀತಿಸಿದ ಇವರೇ 1949ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಈ ಕ್ಷೇತ್ರದಲ್ಲಿ ಇವರಷ್ಟು ಒಳಹೊಕ್ಕು ಕೇಳಿದವರು ವಿರಳ. 1957ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕ್ರೈಸ್ತ ಧರ್ಮ ಮತ್ತು ಸಮಾಜ ಅಧ್ಯಯನ ಸಂಸ್ಥೆಯಲ್ಲಿ ಪಾಲ್ ದೇವನಂದನ್, ಎಂ. ಎಂ. ಥಾಮಸ್ ಸಂವಾದಕ್ಕೆ ಶಾಸ್ತ್ರದ ನೆಲೆ ಒದಗಿಸಿದರು.

ಇತ್ತ ಕಾನೂನಿನ ಗೆರೆಗಳೂ ಮೂಡಿದವು. ಸಂವಿಧಾನದ 25ನೆಯ ವಿಧಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕನ್ನು ಕೊಡುತ್ತದೆ. ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿಲ್ಲವೆಂದು ಸುಪ್ರೀಂ ಕೋರ್ಟ್ 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಹೇಳಿತು. ಗೊತ್ತುಪಡಿಸಿದ ಪೂಜಾಸ್ಥಳಗಳಲ್ಲಿ ಅನ್ಯಧರ್ಮದ ಪ್ರಚಾರವನ್ನು ಆಂಧ್ರಪ್ರದೇಶ 2007ರಲ್ಲಿ ನಿಷೇಧಿಸಿತು. ಕರ್ನಾಟಕ 2022ರಲ್ಲಿ ಮತಾಂತರದ ಬಗ್ಗೆಯೇ ಕಾಯ್ದೆ ತಂದಿತು.