ಪೆಟ್ಟಿಲ್ಲದ ರಕ್ತಸ್ರಾವಕ್ಕೆ ಕೋಡ್ ಸಿಕ್ಕ ಬಗೆ

17ನೇ ಶತಮಾನದ ಲಂಡನ್ನಿನ ಮರಣ ಪಟ್ಟಿಗಳಲ್ಲಿ ‘ಅಪೊಪ್ಲೆಕ್ಸಿ’ ಎಂಬ ಕಾರಣ ಮತ್ತೆ ಮತ್ತೆ ಕಾಣುತ್ತದೆ. ಪೆಟ್ಟು ಬೀಳದೆಯೇ ಮಿದುಳಿನ ಸುತ್ತ ರಕ್ತಸ್ರಾವವಾಗಿ ಸತ್ತವರೂ, ಬೇರೆ ಕಾರಣಕ್ಕೆ ಹಠಾತ್ತನೆ ಕುಸಿದವರೂ ಅದೇ ಸಾಲಿಗೆ ಸೇರಿಹೋಗುತ್ತಿದ್ದರು. ತಲೆಬುರುಡೆಯೊಳಗಿನ ರಕ್ತಸ್ರಾವದಿಂದಲೂ ಅಪೊಪ್ಲೆಕ್ಸಿ ಬರುತ್ತದೆಂದು ಸ್ವಿಟ್ಜರ್ಲೆಂಡಿನ ವೈದ್ಯ ಯೋಹಾನ್ ಯಾಕೋಬ್ ವೆಪ್ಫರ್ 1658ರಲ್ಲಿ ಶವಪರೀಕ್ಷೆಗಳ ಆಧಾರದಿಂದ ತೋರಿಸಿದ. ಬದುಕಿರುವ ರೋಗಿಯಲ್ಲಿ ಅದನ್ನು ಗುರುತಿಸಲು ದಾರಿಯಾದದ್ದು ಬಹಳ ತಡವಾಗಿ. 1891ರಲ್ಲಿ ಹೈನ್ರಿಷ್ ಕ್ವಿಂಕೆ ಸೊಂಟದ ಬಳಿ ಸೂಜಿ ಚುಚ್ಚಿ ಬೆನ್ನುಹುರಿಯ ದ್ರವ ತೆಗೆಯುವ ವಿಧಾನವನ್ನು ತಿಳಿಸಿದ. ಆ ದ್ರವದಲ್ಲಿನ ರಕ್ತ ವೈದ್ಯರಿಗೆ ಸುಳಿವಾಯಿತು.

ಎರಡು ವರ್ಷಗಳ ಬಳಿಕ ಜಾಕ್ ಬರ್ಟಿಯೋನ್ ಷಿಕಾಗೊದಲ್ಲಿ ಸಾವಿನ ಕಾರಣಗಳ ಅಂತರರಾಷ್ಟ್ರೀಯ ಪಟ್ಟಿಯನ್ನು ಮಂಡಿಸಿದ. 1948ರ ಆರನೇ ಪರಿಷ್ಕರಣೆಯಿಂದ ಅದು ವಿಶ್ವ ಆರೋಗ್ಯ ಸಂಸ್ಥೆಯ ಹೊಣೆಯಾಗಿ, ಕಾಯಿಲೆಗಳನ್ನೂ ಒಳಗೊಂಡಿತು. ಅಲ್ಲಿ ಮಿದುಳನ್ನು ಸುತ್ತುವ ಅರಾಕ್ನಾಯ್ಡ್ ಪೊರೆಯ ಕೆಳಗಿನ, ಅಂದರೆ ಸಬ್‌ಅರಾಕ್ನಾಯ್ಡ್ ರಕ್ತಸ್ರಾವಕ್ಕೆ 330 ಎಂಬ ಸಂಖ್ಯೆ, ನರಮಂಡಲದ ಅಧ್ಯಾಯದಲ್ಲಿ ಜಾಗ. ಎಂಟನೇ ಪರಿಷ್ಕರಣೆಯಲ್ಲಿ ಅದು 430 ಆಗಿ ರಕ್ತಪರಿಚಲನೆಯ ಅಧ್ಯಾಯಕ್ಕೆ ಹೋಯಿತು. 1990ರಲ್ಲಿ ಅಂಗೀಕೃತವಾದ ಹತ್ತನೆಯದರಲ್ಲಿ ಐ60 ಆಯಿತು. ಪೆಟ್ಟಿಲ್ಲದ ಸಬ್‌ಡ್ಯೂರಲ್ (ಹೊರಪೊರೆಯಾದ ಡ್ಯೂರಾದ ಕೆಳಗಿನ) ಮತ್ತು ಎಕ್ಸ್‌ಟ್ರಾಡ್ಯೂರಲ್ (ಅದರ ಹೊರಗಿನ) ರಕ್ತಸ್ರಾವಗಳು ಐ62ರಡಿ ಬಂದವು. ಪೆಟ್ಟಿನಿಂದಾದವು ಎಸ್06ರಲ್ಲಿ.

ಈ ವಿಂಗಡಣೆ ನಿಂತಿರುವುದು ವೈದ್ಯರ ಬರಹದ ಮೇಲೆ. ಮೆಟ್ಟಿಲ ಬುಡದಲ್ಲಿ ಪ್ರಜ್ಞೆ ತಪ್ಪಿ ಬಿದ್ದವರ ಸಿಟಿ ಸ್ಕ್ಯಾನ್‌ನಲ್ಲಿ ರಕ್ತ ಕಂಡಿತೆನ್ನೋಣ. ರಕ್ತನಾಳದ ಉಬ್ಬು ಒಡೆದು ಬಿದ್ದರೋ, ಬಿದ್ದು ತಲೆಗೆ ಪೆಟ್ಟಾಗಿ ರಕ್ತ ಸುರಿಯಿತೋ? ಕೇಸ್‌ಶೀಟ್‌ನಲ್ಲಿ ಅದು ಸ್ಪಷ್ಟವಿಲ್ಲದಿದ್ದರೆ ದಾಖಲೆ ಓದಿ ಕೋಡ್ ಹಾಕುವ ಕೋಡರ್ ಊಹಿಸುವಂತಿಲ್ಲ, ವೈದ್ಯರನ್ನೇ ಕೇಳಬೇಕು. ಒಡೆದ ನಾಳ ಯಾವುದೆಂದು ಬರೆಯದಿದ್ದರೆ ಅದರ ವಿವರ ಕೋಡ್‌ಗೆ ಬರುವುದಿಲ್ಲ. ಅಮೆರಿಕದ ದಾಖಲೆಗಳನ್ನು ಬೆಂಗಳೂರಿನಲ್ಲಿ ಕುಳಿತು ಓದುವ ಕೋಡರ್‌ಗಳಿಗೂ ಇದೇ ಕಟ್ಟುಪಾಡು.

ಅಮೆರಿಕ ಹತ್ತನೇ ಪರಿಷ್ಕರಣೆಯ ತನ್ನದೇ ವಿಸ್ತೃತ ರೂಪವನ್ನು 2015ರ ಅಕ್ಟೋಬರ್ 1ರಂದು ಜಾರಿಗೆ ತಂದಿತು. ಸಬ್‌ಡ್ಯೂರಲ್ ರಕ್ತಸ್ರಾವ ಹೊಸದೋ ಹಳೆಯದೋ, ನಾಳ ಎಡದ್ದೋ ಬಲದ್ದೋ ಎಂಬುದನ್ನೂ ಅದು ಕೇಳಿತು. ಎಡಬಲಗಳನ್ನು ಜೋಡಿಸುವ ಮುಂಭಾಗದ ಸಂಪರ್ಕ ನಾಳಕ್ಕೂ ಅದೇ ಪ್ರಶ್ನೆ ಹಾಕಿದ್ದು ಮಾತ್ರ ಅಂಗರಚನೆಗೆ ಹೊಂದುತ್ತಿರಲಿಲ್ಲ. ಮರುವರ್ಷ ಆ ಭೇದವನ್ನು ತೆಗೆದು ಐ60.2 ಒಂದನ್ನೇ ಉಳಿಸಲಾಯಿತು.

2022ರ ಜನವರಿಯಲ್ಲಿ ಜಾರಿಗೆ ಬಂದ, ವಿಶ್ವ ಆರೋಗ್ಯ ಸಂಸ್ಥೆಯ ಹನ್ನೊಂದನೇ ಪರಿಷ್ಕರಣೆಯಲ್ಲಿ ಸಬ್‌ಅರಾಕ್ನಾಯ್ಡ್ ರಕ್ತಸ್ರಾವ 8ಬಿ01 ಎಂಬ ಕೋಡ್‌ನೊಂದಿಗೆ ಮತ್ತೆ ನರಮಂಡಲದ ಅಧ್ಯಾಯ ಸೇರಿದೆ.