ಬಂಧನ ವಾರಂಟ್: ಪತ್ತೆ ಮತ್ತು ರದ್ದತಿ (ಕುಂದಾಪುರ, ಬೈಂದೂರು, ಬ್ರಹ್ಮಾವರ)

ಕರೆದ ದಿನ ಹಾಜರಾಗದ ಆರೋಪಿಯನ್ನೋ ಸಾಕ್ಷಿಯನ್ನೋ ಹಿಡಿದು ತರುವಂತೆ ನ್ಯಾಯಾಲಯವು ಪೊಲೀಸರಿಗೆ ಕೊಡುವ ಲಿಖಿತ ಆಜ್ಞೆಯೇ ಬಂಧನ ವಾರಂಟ್. ಅದರ ಮೇಲೆ ನ್ಯಾಯಾಧೀಶರ ಸಹಿ, ನ್ಯಾಯಾಲಯದ ಮೊಹರು ಇರಲೇಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 72ನೇ ಕಲಮಿನ ಪ್ರಕಾರ ಇದು ಎರಡೇ ರೀತಿಯಲ್ಲಿ ಮುಗಿಯುತ್ತದೆ: ಜಾರಿಯಾಗಬೇಕು, ಇಲ್ಲವೇ ಹೊರಡಿಸಿದ ನ್ಯಾಯಾಲಯವೇ ರದ್ದುಪಡಿಸಬೇಕು. 2024ರ ಜುಲೈ 1ಕ್ಕೆ ಮೊದಲು ಜಾರಿಯಲ್ಲಿದ್ದ ದಂಡ ಪ್ರಕ್ರಿಯಾ ಸಂಹಿತೆಯ 70ನೇ ಕಲಮು ಹೇಳುತ್ತಿದ್ದುದೂ ಇದನ್ನೇ. ಹಾಗಾಗಿ ವರ್ಷಗಳು ಉರುಳಿದ ಮಾತ್ರಕ್ಕೆ ವಾರಂಟ್ ಬಿದ್ದುಹೋಗುವುದಿಲ್ಲ. ‘ಹಳೆಯ ಕೇಸು, ಈಗ ಯಾರು ಕೇಳುತ್ತಾರೆ’ ಎಂದು ಸುಮ್ಮನಿದ್ದವರೇ ಕೊನೆಗೆ ತೊಂದರೆಗೆ ಸಿಕ್ಕುತ್ತಾರೆ.

ಕಡತವನ್ನು ಎಲ್ಲಿ ಹುಡುಕಬೇಕು ಎಂಬುದಕ್ಕೆ ಮರವಂತೆಯನ್ನು ಉದಾಹರಣೆಯಾಗಿ ನೋಡಿ: ಅದು ಮೊದಲು ಕುಂದಾಪುರ ತಾಲ್ಲೂಕಿನ ಊರು. 2018ರಲ್ಲಿ ಬೈಂದೂರು, ಬ್ರಹ್ಮಾವರಗಳು ಪ್ರತ್ಯೇಕ ತಾಲ್ಲೂಕುಗಳಾದಾಗ ಬೈಂದೂರಿಗೆ ಸೇರಿತು. ಪೊಲೀಸ್ ವ್ಯವಹಾರಕ್ಕೆ ಅದು ಗಂಗೊಳ್ಳಿ ಠಾಣೆಯ ಕಡೆಗೆ ನೋಡುತ್ತದೆ. ತಾಲ್ಲೂಕು ಬದಲಾದರೂ ಈ ಭಾಗದ ಹಳೆಯ ಕ್ರಿಮಿನಲ್ ಕಡತಗಳನ್ನು ಹುಡುಕಬೇಕಾದ ಜಾಗ ಕುಂದಾಪುರದ ನ್ಯಾಯಾಲಯ ಸಂಕೀರ್ಣ. ಅಲ್ಲಿ ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳು, ಹಿರಿಯ ಸಿವಿಲ್ ನ್ಯಾಯಾಲಯ, ಹೆಚ್ಚುವರಿ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ ಇವೆ. ಬ್ರಹ್ಮಾವರ ಭಾಗದವರು ಉಡುಪಿ ಸಂಕೀರ್ಣದ ಕಡತಗಳನ್ನೂ ನೋಡಿಕೊಳ್ಳುವುದು ಕ್ಷೇಮ.

ಈ ಕರಾವಳಿಯಲ್ಲಿ ವಾರಂಟಿನ ಹಿಂದೆ ದುರುದ್ದೇಶಕ್ಕಿಂತ ಊರು ಬಿಟ್ಟ ಬದುಕೇ ಹೆಚ್ಚಾಗಿ ಕಾಣುತ್ತದೆ. ಇಲ್ಲಿನ ಮನೆಮನೆಯಿಂದ ಬೆಂಗಳೂರು, ಮುಂಬಯಿಯ ಹೋಟೆಲುಗಳಿಗೆ, ಕೊಲ್ಲಿ ದೇಶಗಳಿಗೆ ಜನ ಹೋಗಿದ್ದಾರೆ. ಮೀನುಗಾರರು ದಿನಗಟ್ಟಲೆ ಕಡಲಿನಲ್ಲಿರುತ್ತಾರೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬೈಕಿಗೆ ಕಾರು ತಾಗಿದ ಪ್ರಕರಣ, ಸಹಕಾರಿ ಸಂಘಕ್ಕೆ ಕೊಟ್ಟ ಚೆಕ್ಕು ಅಮಾನ್ಯವಾದ ಪ್ರಕರಣ, ಕೋಳಿ ಅಂಕ ಇಲ್ಲವೇ ಅಂದರ್ ಬಾಹರ್ ದಾಳಿ, ಜಾಗದ ತಕರಾರಿನಲ್ಲಿ ನಡೆದ ಹೊಡೆದಾಟ, ಹೀಗೆ ಯಾವುದೋ ಒಂದು ಕಾರಣಕ್ಕೆ ಕೇಸು ದಾಖಲಾಗಿರುತ್ತದೆ. ಸಮನ್ಸು ಊರಿನ ವಿಳಾಸಕ್ಕೆ ಬರುವಾಗ ಮನೆಗೆ ಬೀಗ. ಅಥವಾ ಒಮ್ಮೆ ಜಾಮೀನು ಪಡೆದು ಹೋದವರು ವಕೀಲರ ಸಂಪರ್ಕ ತಪ್ಪಿಸಿಕೊಂಡಿರುತ್ತಾರೆ. ವಿನಾಯಿತಿ ಅರ್ಜಿ ಹಾಕದೆ ಗೈರಾದ ದಿನವೇ ವಾರಂಟ್ ಹೊರಡಬಹುದು.

ವಾರಂಟಿನಲ್ಲಿ ಎರಡು ಬಗೆ. ಜಾಮೀನು ಸಹಿತ ವಾರಂಟ್ ಬಂದರೆ, ಮುಂದಿನ ದಿನಾಂಕಕ್ಕೆ ಹಾಜರಾಗುವ ಮುಚ್ಚಳಿಕೆ ಬರೆಸಿಕೊಂಡು ಪೊಲೀಸರೇ ಬಿಡಬಹುದು. ಜಾಮೀನು ರಹಿತ ವಾರಂಟಿನಲ್ಲಿ ಬಿಡುವ ಅಧಿಕಾರ ಪೊಲೀಸರಿಗಿಲ್ಲ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ನ್ಯಾಯಾಲಯದ ಮುಂದೆ ನಿಲ್ಲಿಸಬೇಕು. ಇಲ್ಲಿ ಬಹಳ ಜನ ಎಡವುತ್ತಾರೆ. ಚೆಕ್ಕಿನ ಪ್ರಕರಣ ಜಾಮೀನು ಸಿಗುವ ಅಪರಾಧವಾದ್ದರಿಂದ ಜೈಲಿನ ಭಯವಿಲ್ಲ ಎಂದುಕೊಳ್ಳುತ್ತಾರೆ. ಅಪರಾಧ ಜಾಮೀನಿಗೆ ಅರ್ಹವಾದರೂ, ಮತ್ತೆ ಮತ್ತೆ ಗೈರಾದವರ ಮೇಲೆ ಜಾಮೀನು ರಹಿತ ವಾರಂಟೇ ಬರುತ್ತದೆ. ಮೊದಲು ಸಮನ್ಸು, ಆಮೇಲೆ ಜಾಮೀನು ಸಹಿತ ವಾರಂಟ್, ಅದಕ್ಕೂ ಬಗ್ಗದಿದ್ದರೆ ಮಾತ್ರ ಜಾಮೀನು ರಹಿತ ಎಂಬ ಕ್ರಮವನ್ನು ಸುಪ್ರೀಂ ಕೋರ್ಟು 2007ರ ಇಂದರ್ ಮೋಹನ್ ಗೋಸ್ವಾಮಿ ತೀರ್ಪಿನಲ್ಲಿ ಒತ್ತಿ ಹೇಳಿದೆ.

ಸಿವಿಲ್ ಕಡೆಯ ವಾರಂಟ್ ಬೇರೆ. ಹಣದ ಡಿಕ್ರಿಯನ್ನು ಅಮಲು ಮಾಡಲು ಸಾಲಗಾರನನ್ನು ಹಿಡಿಯುವ ಆಜ್ಞೆ ಅದು. ಅದನ್ನು ನ್ಯಾಯಾಲಯದ ಅಮೀನರು ತರುತ್ತಾರೆ. ಅಂಥ ಡಿಕ್ರಿಯಲ್ಲಿ ಹೆಂಗಸರನ್ನು ಬಂಧಿಸುವಂತಿಲ್ಲ, ಸೂರ್ಯ ಮುಳುಗಿದ ಮೇಲೆ ಮನೆಯೊಳಗೆ ಬರುವಂತಿಲ್ಲ. ಜೀವನಾಂಶ ಬಾಕಿಯ ವಾರಂಟ್ ಮತ್ತೂ ಬೇರೆ.

ಹೆಸರು ಕೊಟ್ಟೊಡನೆ ಎಲ್ಲ ವಾರಂಟುಗಳನ್ನೂ ತೋರಿಸುವ ಒಂದೇ ಸಾರ್ವಜನಿಕ ಪಟ್ಟಿ ನಮ್ಮಲ್ಲಿಲ್ಲ. ಪ್ರಕರಣವನ್ನು ಹುಡುಕಿ, ಅದರೊಳಗೆ ವಾರಂಟನ್ನು ನೋಡಬೇಕು. ಇ-ಕೋರ್ಟ್ಸ್ ಜಾಲತಾಣದಲ್ಲಿ ಅಥವಾ ಅದರ ಮೊಬೈಲ್ ಆ್ಯಪಿನಲ್ಲಿ ಕರ್ನಾಟಕ, ಉಡುಪಿ ಜಿಲ್ಲೆ, ಕುಂದಾಪುರ ಸಂಕೀರ್ಣ ಎಂದು ಆರಿಸಿಕೊಂಡು ಪಕ್ಷಗಾರರ ಹೆಸರು, ಠಾಣೆಯ ಎಫ್‌ಐಆರ್ ಸಂಖ್ಯೆ, ಕೇಸಿನ ನಂಬರು ಅಥವಾ ವಕೀಲರ ಹೆಸರಿನಿಂದ ಹುಡುಕಬಹುದು. ಪ್ರತಿ ಪ್ರಕರಣಕ್ಕೆ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ; ಅದು ಗೊತ್ತಿದ್ದರೆ ಕೆಲಸ ಸಲೀಸು. ಹೆಸರಿನಿಂದ ಹುಡುಕುವವರು ತಾಳ್ಮೆ ತಂದುಕೊಳ್ಳಬೇಕು. ಪೂಜಾರಿ, ಖಾರ್ವಿ, ದೇವಾಡಿಗ ಎಂಬ ಹೆಸರುಗಳನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆಯುತ್ತಾರೆ, ಠಾಣೆಯಲ್ಲಿ ಬರೆದದ್ದು ಇನ್ನೊಂದು ಬಗೆಯದಿರುತ್ತದೆ. ಒಂದೇ ಹೆಸರಿನವರು ಊರಿಗೆ ನಾಲ್ಕು ಜನ ಇರುವ ಸೀಮೆ ಇದು. ತಂದೆಯ ಹೆಸರು, ವಿಳಾಸ ಕೂಡಿ ಬಂದಾಗಲೇ ನಂಬಬೇಕು. ಪ್ರಕರಣದ ಹಂತ ಅಥವಾ ದಿನದ ಆದೇಶದ ಜಾಗದಲ್ಲಿ ‘ಎನ್‌ಬಿಡಬ್ಲ್ಯೂ’ ಎಂದಿದ್ದರೆ ಜಾಮೀನು ರಹಿತ ವಾರಂಟ್ ಎಂದೇ ಅರ್ಥ.

ಜಾಲತಾಣದಲ್ಲಿ ಸಿಗದ ಹಳೆಯ ಪ್ರಕರಣಗಳೂ ಇವೆ. ಆರೋಪಿ ಬಹುಕಾಲ ಸಿಗದಿದ್ದರೆ ಪ್ರಕರಣವನ್ನು ದೀರ್ಘಕಾಲ ಬಾಕಿ ಉಳಿದವುಗಳ ಪಟ್ಟಿಗೆ ಹಾಕುತ್ತಾರೆ. ಪೊಲೀಸರು ‘ಎಲ್‌ಪಿಸಿ ವಾರಂಟ್’ ಎನ್ನುವುದು ಇದಕ್ಕೇ. ಹಲವು ಆರೋಪಿಗಳಲ್ಲಿ ಒಬ್ಬ ತಲೆಮರೆಸಿಕೊಂಡಾಗ ಅವನ ಕೇಸನ್ನು ಬೇರ್ಪಡಿಸಿ ಹೊಸ ನಂಬರು ಕೊಡುವುದೂ ಉಂಟು. ಹಳೆಯ ನಂಬರು ಹಿಡಿದು ಹುಡುಕಿದವರಿಗೆ ಕೇಸು ಮುಗಿದಂತೆಯೇ ತೋರುತ್ತದೆ. ಇಂಥ ಕಡೆ ವಕೀಲರ ಮೂಲಕ ನ್ಯಾಯಾಲಯದ ಕಚೇರಿಯಲ್ಲಿ ಕಡತ ಪರಿಶೀಲಿಸುವುದೇ ದಾರಿ. ನೇರ ಠಾಣೆಗೆ ಹೋಗಿ ವಿಚಾರಿಸಿದರೆ ಅಲ್ಲಿಯೇ ಬಂಧಿಸುವುದು ಪೊಲೀಸರ ಕರ್ತವ್ಯವಾಗುತ್ತದೆ.

ರದ್ದತಿಗೆ ಹಾದಿ ಸರಳ. ವಕಾಲತ್ತು ಕೊಟ್ಟು, ಗೈರಾದ ಕಾರಣ ತಿಳಿಸುವ ಅರ್ಜಿಯನ್ನು ನಾಗರಿಕ ಸುರಕ್ಷಾ ಸಂಹಿತೆಯ 72(2)ನೇ ಕಲಮಿನಡಿ ಹಾಕಿ, ಆರೋಪಿ ತಾನೇ ನ್ಯಾಯಾಧೀಶರ ಮುಂದೆ ನಿಲ್ಲಬೇಕು. ಆಸ್ಪತ್ರೆಯ ದಾಖಲೆ, ಪಾಸ್‌ಪೋರ್ಟಿನ ಮೊಹರು, ಕೆಲಸ ಕೊಟ್ಟವರ ಪತ್ರ ಇದ್ದರೆ ಜೊತೆಗಿರಲಿ. ಕಾರಣ ಒಪ್ಪಿಗೆಯಾದರೆ ವಾರಂಟ್ ರದ್ದಾಗುತ್ತದೆ. ದಂಡ ಕಟ್ಟಿಸಬಹುದು, ಹೊಸ ಮುಚ್ಚಳಿಕೆ ಮತ್ತು ಜಾಮೀನುದಾರರನ್ನು ಕೇಳಬಹುದು. ಜಾಮೀನುದಾರರು ಸಾಮಾನ್ಯವಾಗಿ ಪಹಣಿ, ಆಧಾರ್ ತರುತ್ತಾರೆ. ಒಪ್ಪಿಗೆಯಾಗದಿದ್ದರೆ ನ್ಯಾಯಾಂಗ ಬಂಧನಕ್ಕೆ ಕಳಿಸುವ ಅಧಿಕಾರವೂ ನ್ಯಾಯಾಧೀಶರಿಗಿದೆ. ಆದರೂ ತಾನಾಗಿ ಬಂದವನಿಗೂ ಪೊಲೀಸರು ಹಿಡಿದು ತಂದವನಿಗೂ ನ್ಯಾಯಾಲಯ ತೋರುವ ನಿಲುವಿನಲ್ಲಿ ದೊಡ್ಡ ಅಂತರವಿದೆ. ತಡ ಮಾಡಿದಷ್ಟೂ ಸ್ಥಿತಿ ಬಿಗಡಾಯಿಸುತ್ತದೆ: ಹಿಂದಿನ ಮುಚ್ಚಳಿಕೆ ಮುಟ್ಟುಗೋಲಾಗಿ ಜಾಮೀನು ನಿಂತ ನೆಂಟರಿಗೆ ನೋಟಿಸು ಹೋಗುತ್ತದೆ, ಅದೇ ಸಂಹಿತೆಯ 84, 85ನೇ ಕಲಮುಗಳಡಿ ಉದ್ಘೋಷಣೆ, ಆಸ್ತಿ ಜಫ್ತಿ ಆಗಬಹುದು, ಜಾಮೀನು ಪಡೆದು ಹಾಜರಾಗದಿರುವುದೇ ಭಾರತೀಯ ನ್ಯಾಯ ಸಂಹಿತೆಯ 269ನೇ ಕಲಮಿನಡಿ ಒಂದು ವರ್ಷದವರೆಗೆ ಸಜೆಯ ಪ್ರತ್ಯೇಕ ಅಪರಾಧ.

ರದ್ದಾದ ಆದೇಶ ಠಾಣೆಗೆ ಮುಟ್ಟಿತೇ ಎಂದು ನೋಡಿಕೊಳ್ಳದೆ ಮನೆಗೆ ಹೋಗಬಾರದು. 2002ರ ಆಗಸ್ಟಿನಲ್ಲಿ ಮುಂಬಯಿಯ ವಕೀಲರೊಬ್ಬರು ತಮ್ಮ ಮೇಲಿನ ವಾರಂಟನ್ನು ರದ್ದು ಮಾಡಿಸಿಕೊಂಡಿದ್ದರೂ ಸ್ವಾತಂತ್ರ್ಯ ದಿನದಂದೇ ಅವರ ಬಂಧನವಾಯಿತು. ಆ ಪ್ರಕರಣದ 2011ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ವಾರಂಟುಗಳಿಗೆ ಕ್ರಮಸಂಖ್ಯೆ ಇರಬೇಕು, ರಿಜಿಸ್ಟರ್ ಇಡಬೇಕು, ರದ್ದಾದದ್ದನ್ನು ಕೂಡಲೇ ವಾಪಸು ತರಿಸಬೇಕು ಎಂದು ನಿರ್ದೇಶಿಸಿತು. ದೃಢೀಕೃತ ನಕಲು ಒಂದನ್ನು ಠಾಣೆಗೆ ಕೊಟ್ಟು, ಇನ್ನೊಂದನ್ನು ಜೇಬಿನಲ್ಲಿಡುವುದು ಇಂದಿಗೂ ಒಳ್ಳೆಯ ಅಭ್ಯಾಸ.

ಗಲ್ಫಿನಲ್ಲಿರುವವರಿಗೆ ವಿಷಯ ಇನ್ನಷ್ಟು ಸೂಕ್ಷ್ಮ. 1967ರ ಪಾಸ್‌ಪೋರ್ಟ್ ಕಾಯಿದೆಯಂತೆ ವಾರಂಟ್ ಇದ್ದವರಿಗೆ ಪಾಸ್‌ಪೋರ್ಟ್ ನಿರಾಕರಿಸಬಹುದು, ಇದ್ದದ್ದನ್ನು ವಶಕ್ಕೆ ಪಡೆಯಬಹುದು. ಲುಕ್‌ಔಟ್ ಸುತ್ತೋಲೆ ಹೊರಟಿದ್ದರೆ ವಿಮಾನ ಇಳಿದಲ್ಲೇ ತಡೆಯುತ್ತಾರೆ. ರಜೆಗೆ ಬರುವ ಮೊದಲೇ ವಕೀಲರಿಂದ ಕಡತ ನೋಡಿಸಿ, ಊರಿಗೆ ಬಂದ ಮೊದಲ ವಾರದಲ್ಲೇ ಹಾಜರಾಗುವಂತೆ ದಿನ ಹೊಂದಿಸಿಕೊಳ್ಳುವುದು ಜಾಣತನ. ಮುಂದಿನ ದಿನಾಂಕಗಳಿಗೆ ನಾಗರಿಕ ಸುರಕ್ಷಾ ಸಂಹಿತೆಯ 228 ಅಥವಾ 355ನೇ ಕಲಮಿನಡಿ ಖುದ್ದು ಹಾಜರಾತಿಯಿಂದ ವಿನಾಯಿತಿ ಕೇಳಬಹುದು.

ವಾಟ್ಸ್ಆ್ಯಪಿನಲ್ಲಿ ಬಂದ ‘ವಾರಂಟ್’ ನೋಡಿ ಹಣ ಕಳಿಸಬೇಡಿ. ವಿಡಿಯೊ ಕರೆಯಲ್ಲಿ ಬಂಧಿಸುವ, ಹಣ ಕಟ್ಟಿಸಿಕೊಂಡು ವಾರಂಟ್ ತೆಗೆಯುವ ಕ್ರಮ ಭಾರತದ ಯಾವ ಕಾನೂನಿನಲ್ಲೂ ಇಲ್ಲ. ಅಂಥ ಕರೆ ಬಂದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸಬೇಕು. ನಿಜವಾದ ವಾರಂಟ್ ಇದ್ದು ವಕೀಲರನ್ನು ಇಡಲು ಶಕ್ತಿಯಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಬಂಧನದಲ್ಲಿರುವವರಿಗೆ, ಕಡಿಮೆ ಆದಾಯದವರಿಗೆ ವಕೀಲರ ನೆರವು ಉಚಿತ. ವಿಚಾರಿಸಲು ಸಹಾಯವಾಣಿ 15100.