ಬ್ಯಾಸ್ಕೆಟ್‌ಬಾಲ್ ಹುಟ್ಟಿಸಿದವರ ಕಾಲೇಜು: ಕಾನ್ಸಾಸ್ ತಂಡದ ವಂಶಾವಳಿ

ವಿಡಿಯೊ ನೋಡೋಕೆ ಪುರುಸೊತ್ತಿಲ್ಲ, ಲೋಕಲ್ ಟ್ರೇನಿನಲ್ಲೋ ಮೆಟ್ರೋದಲ್ಲೋ ಓದ್ಕೊಳ್ತೀವಿ ಅನ್ನೋರಿಗಾಗಿ ಈ ಸಲದ ಮಾತನ್ನು ಸ್ವಲ್ಪ ತಿದ್ದಿ ಇಲ್ಲಿ ಕೊಡ್ತಿದ್ದೀನಿ. ವಿಷಯ: ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡ. ಇತಿಹಾಸದ ಚಾನೆಲ್ಲಿನಲ್ಲಿ ಆಟ ಯಾಕಪ್ಪಾ ಅಂತ ಕೇಳಬೇಡಿ. ಒಂದು ಕಾಲೇಜು ತನ್ನ ಪರಂಪರೆಯನ್ನ ಹೇಗೆ ಎಣಿಸುತ್ತೆ, ಆ ಎಣಿಕೆಯಿಂದ ಯಾರನ್ನ ಬಿಡುತ್ತೆ ಅನ್ನೋದು ಇತಿಹಾಸದ ಪ್ರಶ್ನೆಯೇ.

ಮೊದಲು ಇತ್ತೀಚಿನ ಒಂದು ತಂಡ. 2025-26ರ ಋತುವಿಗೆ ಕೋಚ್ ಬಿಲ್ ಸೆಲ್ಫ್ ಕಟ್ಟಿದ ತಂಡದಲ್ಲಿ, ಹಿಂದಿನ ವರ್ಷದ ಮುಖ್ಯ ಆಟಗಾರರ ಪೈಕಿ ಉಳಿದವನು ಕಾಂಗೋ ದೇಶದಲ್ಲಿ ಹುಟ್ಟಿದ ಫ್ಲೋರಿ ಬಿದುಂಗಾ ಒಬ್ಬನೇ. ಟ್ರೆ ವೈಟ್ ಇಲಿನಾಯ್ ತಂಡದಿಂದ ಬಂದ, ಮೆಲ್ವಿನ್ ಕೌನ್ಸಿಲ್ ಸೇಂಟ್ ಬೊನವೆಂಚರಿನಿಂದ ಬಂದ. ತಂಡದ ತಾರೆ ಡ್ಯಾರಿನ್ ಪೀಟರ್‌ಸನ್ ಮೊದಲ ವರ್ಷದ ಹುಡುಗ. ಒಂದು ವರ್ಷ ಆಡಿ ಎನ್‌ಬಿಎಗೆ ಹೋಗ್ತಾನೆ ಅನ್ನೋದು ಅವನು ಕಾಲೇಜಿಗೆ ಕಾಲಿಡೋ ಮುಂಚೆಯೇ ಎಲ್ಲರ ಅಂದಾಜು. ಗಾಯ, ಸ್ನಾಯು ಸೆಳೆತ ಅಂತ ಅವನು ಹಲವು ಪಂದ್ಯ ತಪ್ಪಿಸಿಕೊಂಡಾಗ ಅಭಿಮಾನಿಗಳು ಗೊಣಗಿದ್ದೂ ಉಂಟು. 2025ರ ಜುಲೈ 1ರಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು ಅಂತ ಆಗಿದೆ. ಎಲ್ಲ ಕ್ರೀಡೆಗಳೂ ಸೇರಿ ಒಂದು ಕಾಲೇಜಿಗೆ ಮೊದಲ ವರ್ಷ ಸುಮಾರು 2 ಕೋಟಿ ಡಾಲರ್ ಮಿತಿ. ಹಾಗಾಗಿ ಹಳೇ ಅಭಿಮಾನಿಗಳದ್ದು ಒಂದೇ ಗೋಳು: ಪ್ರತಿ ವರ್ಷ ಹೊಸ ಮುಖ, ಇದರಲ್ಲಿ ನಮ್ಮ ಕಾನ್ಸಾಸ್ ಅನ್ನೋದು ಎಲ್ಲಿದೆ?

ಉತ್ತರ ಹುಡುಕೋಕೆ 1891ಕ್ಕೆ ಹೋಗೋಣ. ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈಎಂಸಿಎ ತರಬೇತಿ ಶಾಲೆ. ಡಿಸೆಂಬರ್ ಚಳಿ, ಹೊರಗೆ ಆಡೋಕಾಗಲ್ಲ. ಕೆನಡಾ ಮೂಲದ ಮೇಷ್ಟ್ರು ಜೇಮ್ಸ್ ನೈಸ್ಮಿತ್ ಎರಡು ಪೀಚ್ ಹಣ್ಣಿನ ಬುಟ್ಟಿ ಮೇಲೆ ಕಟ್ಟಿಸಿ, 13 ನಿಯಮ ಬರೆದು ಗೋಡೆಗೆ ಅಂಟಿಸಿದರು. ಆಟ ಹುಟ್ಟಿತು. (ಚೆನ್ನೈನವರಿಗೆ ಒಂದು ಮಾತು: 1920ರಲ್ಲಿ ನಿಮ್ಮೂರಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ಶುರು ಮಾಡಿದ ಹ್ಯಾರಿ ಕ್ರೋ ಬಕ್ ಕೂಡ ಅದೇ ಸ್ಪ್ರಿಂಗ್‌ಫೀಲ್ಡ್ ಶಾಲೆಯಲ್ಲಿ ಕಲಿತವರು. ಮುಂಬೈಯವರು ನಾಗಪಾಡಾದ ವೈಎಂಸಿಎ ಅಂಗಳ ನೋಡಿಯೇ ಇರ್ತೀರಿ. ಬೇರು ಒಂದೇ.)

1898ರಲ್ಲಿ ನೈಸ್ಮಿತ್ ಕಾನ್ಸಾಸ್ ರಾಜ್ಯದ ಲಾರೆನ್ಸ್ ಊರಿಗೆ ಬಂದರು. ಬಂದಿದ್ದು ಬ್ಯಾಸ್ಕೆಟ್‌ಬಾಲ್ ಕೋಚ್ ಆಗಿ ಅಲ್ಲ, ವಿಶ್ವವಿದ್ಯಾಲಯದ ಪ್ರಾರ್ಥನಾ ಮಂದಿರ ನೋಡಿಕೊಳ್ಳೋಕೆ ಮತ್ತು ವ್ಯಾಯಾಮ ಕಲಿಸೋಕೆ. ತಂಡ ಕಟ್ಟಿದ್ದು ಅದರ ಜೊತೆಗೆ. 1899ರ ಫೆಬ್ರವರಿಯಲ್ಲಿ ಆಡಿದ ಮೊದಲ ಪಂದ್ಯ ಕಾನ್ಸಾಸ್ ಸಿಟಿ ವೈಎಂಸಿಎ ವಿರುದ್ಧ, 16-5ರಿಂದ ಸೋಲು. ಕೋಚ್ ಆಗಿ ಅವರ ಒಟ್ಟು ಲೆಕ್ಕ 55 ಗೆಲುವು, 60 ಸೋಲು. ಕಾನ್ಸಾಸ್‌ನ ಇತಿಹಾಸದಲ್ಲಿ ಗೆದ್ದದ್ದಕ್ಕಿಂತ ಹೆಚ್ಚು ಸೋತ ಕೋಚ್ ಇವರೊಬ್ಬರೇ. ಆಟ ಹುಟ್ಟಿಸಿದವರೇ! ಅವರಿಗೆ ಅದರಿಂದ ಬೇಜಾರಾದ ಹಾಗೂ ಕಾಣಲ್ಲ. ಆ 13 ನಿಯಮಗಳಲ್ಲಿ ಅಂಪೈರ್ ಇದ್ದಾನೆ, ರೆಫರಿ ಇದ್ದಾನೆ, ಕೋಚ್ ಅನ್ನೋನೇ ಇಲ್ಲ. ಶಿಷ್ಯ ಫಾಗ್ ಆ್ಯಲನ್ ಕೋಚ್ ಆಗಿ ಹೊರಟಾಗ, ಇದು ಆಡೋ ಆಟ ಮಾರಾಯಾ, ಕೋಚ್ ಮಾಡೋದಲ್ಲ ಅನ್ನೋ ಅರ್ಥದಲ್ಲಿ ನೈಸ್ಮಿತ್ ಅಂದಿದ್ದರು ಅಂತ ಕಥೆ.

ಆ್ಯಲನ್ ಕೇಳಲಿಲ್ಲ. ಎರಡು ಅವಧಿ ಸೇರಿ 1956ರವರೆಗೆ ಕಾನ್ಸಾಸ್ ತಂಡವನ್ನ ನಡೆಸಿದರು, 1952ರಲ್ಲಿ ಎನ್‌ಸಿಎಎ ಕಿರೀಟ ತಂದರು. ಅವರ ಬೆಂಚಿನಲ್ಲಿ ಕೂತಿದ್ದ ಹುಡುಗರನ್ನ ನೋಡಿ. ಅಡಾಲ್ಫ್ ರಪ್ ಮುಂದೆ ಕೆಂಟಕಿಯನ್ನ ಕಟ್ಟಿದರು, ಡೀನ್ ಸ್ಮಿತ್ ನಾರ್ತ್ ಕ್ಯಾರೊಲೈನಾವನ್ನ. ಅಮೆರಿಕದ ಮೂರು ದೊಡ್ಡ ಕಾಲೇಜು ತಂಡಗಳ ಗುರುಪರಂಪರೆ ಒಂದೇ ಜಿಮ್‌ಗೆ ಹೋಗಿ ಮುಟ್ಟುತ್ತೆ. ನಮ್ಮ ಸಂಗೀತದವರು ಹೇಳೋ ಹಾಗೆ, ಒಂದೇ ಘರಾನೆ.

ಇಲ್ಲೇ ನಾನು ಸ್ವಲ್ಪ ನಿಲ್ಲಬೇಕು. ಈ ಘರಾನೆಯ ಕಥೆ ಹೇಳುವಾಗೆಲ್ಲ ನೈಸ್ಮಿತ್, ಆ್ಯಲನ್, ರಪ್, ಸ್ಮಿತ್ ಅಂತ ಸರಾಗವಾಗಿ ಹೇಳ್ತಾರೆ. ಜಾನ್ ಮೆಕ್ಲೆಂಡನ್ ಹೆಸರು ಬಹಳ ಸಲ ಬಿಟ್ಟುಹೋಗುತ್ತೆ.

ಮೆಕ್ಲೆಂಡನ್ ಅದೇ ರಾಜ್ಯದ ಹಯವಾಥಾ ಊರಿನಲ್ಲಿ ಹುಟ್ಟಿದವರು, ಕರಿಯ ಸಮುದಾಯದವರು. 1933ರಲ್ಲಿ ಅವರಪ್ಪ ವಿಶ್ವವಿದ್ಯಾಲಯಕ್ಕೆ ಕರ್ಕೊಂಡು ಬಂದು ಬಿಟ್ಟು, ನೈಸ್ಮಿತ್ ಅನ್ನೋರಿದ್ದಾರೆ, ಅವರೇ ನಿನಗೆ ಮಾರ್ಗದರ್ಶಕರು ಅಂತ ಹೇಳು ಅಂದರಂತೆ. ಹುಡುಗ ಹೋಗಿ ಹಾಗೇ ಹೇಳಿದ. ಹಾಗಂತ ಯಾರಂದರು? ನಮ್ಮಪ್ಪ. ಅಪ್ಪಂದಿರು ಹೇಳಿದ ಮೇಲೆ ಸರಿಯೇ ಇರುತ್ತೆ ಬಿಡು, ಅಂತ ಮುದುಕರು ಒಪ್ಪಿಕೊಂಡರು. ನೈಸ್ಮಿತ್ ಆಟದ ಬಗ್ಗೆ ಕೂತು ಮಾತಾಡ್ತಿದ್ದ ಕೊನೆಯ ಶಿಷ್ಯರಲ್ಲಿ ಈತ ಒಬ್ಬ. ಆದರೆ ಬಣ್ಣದ ಕಾರಣಕ್ಕೆ ತಂಡದ ಅಂಗಿ ಹಾಕೋ ಹಕ್ಕಿರಲಿಲ್ಲ. ಅವನು ಈಜುಕೊಳಕ್ಕೆ ಇಳಿದ ಅಂತ ಆಮೇಲೆ ಕೊಳದ ನೀರನ್ನೇ ಖಾಲಿ ಮಾಡಿಸಿದರು. ಓದುತ್ತಿರೋ ನಮಗೆ ಕೆರೆ, ಬಾವಿ, ನೀರು ಅಂದ ಕೂಡಲೇ ಏನು ನೆನಪಾಗುತ್ತೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

1936ರಲ್ಲಿ ಪದವಿ ಪಡೆದು ಮೆಕ್ಲೆಂಡನ್ ದಕ್ಷಿಣಕ್ಕೆ ಹೋದರು, ಡರ್‌ಹ್ಯಾಮ್‌ನಲ್ಲಿ ಕರಿಯರಿಗಾಗಿಯೇ ಇದ್ದ ಕಾಲೇಜಿಗೆ. ಚೆಂಡು ಸಿಕ್ಕ ಕೂಡಲೇ ಓಡು, ಎದುರಾಳಿಯನ್ನ ಅಂಗಳದ ಈ ತುದಿಯಿಂದ ಆ ತುದಿವರೆಗೂ ಅಟ್ಟು: ಇವತ್ತು ನಾವು ನೋಡೋ ವೇಗದ ಆಟವನ್ನ ರೂಪಿಸಿದ ಮುಖ್ಯರಲ್ಲಿ ಅವರೊಬ್ಬರು. 1944ರ ಮಾರ್ಚ್ 12, ಭಾನುವಾರ ಬೆಳಿಗ್ಗೆ, ಊರಿಗೆ ಊರೇ ಚರ್ಚಿನಲ್ಲಿದ್ದಾಗ, ಡ್ಯೂಕ್ ವೈದ್ಯಕೀಯ ಶಾಲೆಯ ಬಿಳಿಯ ಆಟಗಾರರು ಮೆಕ್ಲೆಂಡನ್ ಅವರ ಜಿಮ್‌ಗೆ ಗುಟ್ಟಾಗಿ ಬಂದರು. ಬಾಗಿಲು ಹಾಕಿಕೊಂಡು ಆಡಿದರು. ಕಾನೂನಿನ ಕಣ್ಣಿಗೆ ಬಿದ್ದಿದ್ದರೆ ಗತಿ ನೆಟ್ಟಗಿರ್ತಿರಲಿಲ್ಲ. ಮೆಕ್ಲೆಂಡನ್ ತಂಡ 88-44ರಿಂದ ಗೆದ್ದಿತು. ಅಷ್ಟಕ್ಕೇ ನಿಲ್ಲಿಸಲಿಲ್ಲ, ಎರಡೂ ಕಡೆಯವರನ್ನ ಬೆರೆಸಿ ಇನ್ನೊಂದು ಪಂದ್ಯ ಆಡಿದರು. 50 ವರ್ಷಕ್ಕೂ ಹೆಚ್ಚು ಕಾಲ, 1996ರವರೆಗೆ, ಹೊರಗಿನ ಜನಕ್ಕೆ ಇದು ಗೊತ್ತೇ ಇರಲಿಲ್ಲ. ಆಮೇಲೆ ಅವರು ಟೆನೆಸೀ ತಂಡವೊಂದಕ್ಕೆ 1957, 58, 59ರಲ್ಲಿ ಸಾಲಾಗಿ ಮೂರು ರಾಷ್ಟ್ರೀಯ ಎನ್‌ಎಐಎ ಪ್ರಶಸ್ತಿ ತಂದುಕೊಟ್ಟರು. ನೈಸ್ಮಿತ್ ಹೆಸರಿನ ಹಾಲ್ ಆಫ್ ಫೇಮ್ 1979ರಲ್ಲಿ ಅವರನ್ನ ಸೇರಿಸಿಕೊಂಡಿತು, ಆದರೆ ಕೋಚ್ ಅಂತಲ್ಲ. ಕೋಚ್ ಅಂತ ಒಪ್ಪಿದ್ದು 2016ರಲ್ಲಿ. ಅಷ್ಟರಲ್ಲಿ ಅವರು ತೀರಿಹೋಗಿದ್ದರು. ನನ್ನ ಮಟ್ಟಿಗೆ ಕಾನ್ಸಾಸ್ ಘರಾನೆಯ ನಿಜವಾದ ವಾರಸುದಾರ ಇವರೇ.

ಕಾನ್ಸಾಸ್‌ಗೆ ಮೊದಲ ಕರಿಯ ಆಟಗಾರ ಬಂದಿದ್ದು 1950ರ ದಶಕದ ಆರಂಭದಲ್ಲಿ, ಲವಾನಸ್ ಸ್ಕ್ವೈರ್ಸ್. ಕೆಲವೇ ವರ್ಷಕ್ಕೆ 7 ಅಡಿಯ ವಿಲ್ಟ್ ಚೇಂಬರ್ಲೇನ್ ಬಂದರು. ಅವರನ್ನ ಒಲಿಸಿ ಕರೆತಂದ ಆ್ಯಲನ್‌ಗೆ 70 ತುಂಬಿತು, ನಿವೃತ್ತಿ ಕಡ್ಡಾಯ, ಮುಖ್ಯ ತಂಡದಲ್ಲಿ ವಿಲ್ಟ್‌ನ ಆಡಿಸೋ ಯೋಗ ಸಿಗಲಿಲ್ಲ. 1957ರ ಫೈನಲ್‌ನಲ್ಲಿ ನಾರ್ತ್ ಕ್ಯಾರೊಲೈನಾ ವಿರುದ್ಧ ಮೂರು ಹೆಚ್ಚುವರಿ ಅವಧಿ ಆಡಿ 54-53ರಿಂದ ಸೋಲು, ಒಂದೇ ಒಂದು ಅಂಕ. ಆ ಸೋಲಿಗೆ ಊರಿನವರು ತನ್ನನ್ನೇ ಹೊಣೆ ಮಾಡ್ತಾರೆ ಅಂತ ವಿಲ್ಟ್ ದಶಕಗಳ ಕಾಲ ಲಾರೆನ್ಸ್‌ನಿಂದ ದೂರವೇ ಉಳಿದರು. 1998ರ ಜನವರಿಯಲ್ಲಿ, ತಮ್ಮ ಹಳೇ ಕಾಲೇಜು ಜಾಕೆಟ್ ಹಾಕ್ಕೊಂಡು ಬಂದಾಗ ಇಡೀ ಅಂಗಳ ಎದ್ದು ನಿಂತಿತು. ಮರುವರ್ಷ ತೀರಿಕೊಂಡರು.

ಮುಂದಿನದು ನಿಮಗೆ ಎಲ್ಲಾದರೂ ಸಿಗುತ್ತೆ, ಬೇಗ ಹೇಳಿಬಿಡ್ತೀನಿ. ಲ್ಯಾರಿ ಬ್ರೌನ್ 1988ರಲ್ಲಿ ಗೆದ್ದರು. ಬಿಲ್ ಸೆಲ್ಫ್ 2008ರಲ್ಲಿ, ಮತ್ತೆ 2022ರಲ್ಲಿ. 2022ರ ಫೈನಲ್‌ನಲ್ಲಿ ಅರ್ಧ ಆಟಕ್ಕೆ 15 ಅಂಕ ಹಿಂದಿದ್ದು, ಅದೇ ನಾರ್ತ್ ಕ್ಯಾರೊಲೈನಾವನ್ನ 72-69ರಿಂದ ಸೋಲಿಸಿದರು.

ಈಗ ದುಡ್ಡಿನ ಗೋಳಿಗೆ ವಾಪಸ್ ಬರೋಣ. ದುಡ್ಡು ನಿನ್ನೆ ಮೊನ್ನೆ ಬಂದಿದ್ದಲ್ಲ ಸ್ವಾಮಿ. ವಿಲ್ಟ್‌ಗೆ ಅಭಿಮಾನಿಗಳು ಕೊಡಿಸಿದ ಕಾರಿನ ವಿಚಾರಕ್ಕೆ 1960ರಲ್ಲೇ ಕಾನ್ಸಾಸ್‌ಗೆ ಶಿಕ್ಷೆಯಾಗಿತ್ತು. ಶೂ ಕಂಪನಿಯ ಕಡೆಯಿಂದ ಆಟಗಾರರ ಮನೆಯವರಿಗೆ ಹಣ ಹೋಯಿತು ಅನ್ನೋ ಪ್ರಕರಣದಲ್ಲಿ, 2018ರ ಋತುವಿನ 15 ಗೆಲುವನ್ನ 2023ರಲ್ಲಿ ದಾಖಲೆಯಿಂದಲೇ ತೆಗೆದರು. ಅಂಗಳ ತುಂಬಿಸಿದ್ದು ಹುಡುಗರು, ಟಿಕೆಟ್ ದುಡ್ಡು ಎಣಿಸಿದ್ದು ಬೇರೆಯವರು. ಇವತ್ತು ಅದು ಚೆಕ್ಕಿನಲ್ಲಿ, ಬೆಳಕಿನಲ್ಲಿ ನಡೆಯುತ್ತೆ. ಪೀಟರ್‌ಸನ್ ದುಡ್ಡು ತಗೊಂಡ ಅಂತ ನನಗೇನೂ ಸಂಕಟವಿಲ್ಲ. ಮೆಕ್ಲೆಂಡನ್ ಒಂದು ದಿನವೂ ಆ ಅಂಗಿ ಹಾಕಲಿಲ್ಲ, ಆದರೂ ಕಾನ್ಸಾಸ್‌ನವರೇ. ಹಾಗಿರುವಾಗ ಒಂದೇ ವರ್ಷ ಹಾಕಿದವನನ್ನ ಹೊರಗಿನವನು ಅಂತ ಹೇಗೆ ಅನ್ನೋದು?

ಆ 13 ನಿಯಮದ ಮೂಲ ಹಾಳೆಗಳು 2010ರಲ್ಲಿ ಹರಾಜಿಗೆ ಬಂದವು. ಲಾರೆನ್ಸ್‌ನ ನೈಸ್ಮಿತ್ ಡ್ರೈವ್ ಅನ್ನೋ ರಸ್ತೆಯಲ್ಲೇ ಬೆಳೆದ ಡೇವಿಡ್ ಬೂತ್ 43 ಲಕ್ಷ ಡಾಲರ್ ಕೊಟ್ಟು ಕೊಂಡುಕೊಂಡರು. ಈಗ ಅವು ಆ್ಯಲನ್ ಹೆಸರಿನ ಕ್ರೀಡಾಂಗಣದ ಪಕ್ಕದ ಕಟ್ಟಡದಲ್ಲಿ, ಗಾಜಿನ ಹಿಂದೆ ಇವೆ. ಪಕ್ಕದ ಅಂಗಳದಲ್ಲಿ ನೈಸ್ಮಿತ್ ಹೆಸರಿನ ನೆಲದ ಮೇಲೆ, 2025-26ರ ಋತುವಿನಲ್ಲಿ ಕಿನ್ಶಾಸಾದಿಂದ ಬಂದ ಬಿದುಂಗಾ ಚೆಂಡಿಗೆ ನೆಗೀತಿದ್ದ. ಮೆಕ್ಲೆಂಡನ್ ಬಗ್ಗೆ ಕನ್ನಡದಲ್ಲಿ ಏನಾದರೂ ಓದಿದ್ದರೆ ಕೆಳಗೆ ಬರೀರಿ, ನನಗಂತೂ ಇದುವರೆಗೆ ಕಣ್ಣಿಗೆ ಬಿದ್ದಿಲ್ಲ.